ಖತಮ್ ಆದ ಮೇಲಿನ ಕಲಿಕೆ

ಚಿಕ್ಕಬಳ್ಳಾಪುರದ ಕಳವಾರದ ಸುತ್ತಮುತ್ತ ನಮ್ಮ ಮಕ್ಕಳು ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತಾರೆ. ಇಷ್ಟು ಭಾಷೆ ಪಳಗಿಸಿಕೊಂಡ ಮಗುವಿಗೆ ಅರಬಿ ಮಾತ್ರ ನಾಲಗೆಯ ಮೇಲೆಯೇ ನಿಂತುಬಿಡುತ್ತದೆ. ಕುರ್‌ಆನ್ ಓದಿ ಖತಮ್ ಆಯಿತು, ಸಿಹಿ ಹಂಚಿದೆವು, ಅಲ್ಲಿಗೆ ಅರಬಿಯೂ ಖತಮ್!

ಬರೀ ಓದಿಗೆ ಬೆಲೆಯಿಲ್ಲವೆಂದಲ್ಲ. ತಡವರಿಸುತ್ತಾ ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಬುಖಾರಿ, ಮುಸ್ಲಿಂ ಗ್ರಂಥಗಳ ಹದೀಸ್ ತಿಳಿಸುತ್ತದೆ. ಉಚ್ಚಾರವೇ ಮೊದಲ ಮೆಟ್ಟಿಲು. ಗಂಟಲಿನಾಳದ ಕಾಫ್‌ನಿಂದ ‘ಕಲ್ಬ್’ ಎಂದರೆ ಹೃದಯ. ಇನ್ನೊಂದು ಕಾಫ್‌ನಿಂದ ಎಂದರೆ ನಾಯಿ. ಆದರೆ ಮೆಟ್ಟಿಲ ಮೇಲೆಯೇ ಮನೆ ಕಟ್ಟಿಕೊಳ್ಳಬಾರದಲ್ಲ.

ಎರಡನೆಯದು ಪದಗಳ ಪರಿಚಯ. ಇದು ನಾವು ಹೆದರುವಷ್ಟು ದೂರವಿಲ್ಲ. ಬಿಸ್ಮಿಲ್ಲಾ ಸೇರಿ ಫಾತಿಹಾದಲ್ಲಿ 29 ಪದಗಳಿವೆ. ದಿನದ ಫರ್ಝ್ ನಮಾಝ್‌ಗಳಲ್ಲೇ ಅದನ್ನು 17 ಸಲ ಓದುತ್ತೇವೆ. ಹಮ್ದ್, ರಬ್ಬ್, ದೀನ್ ಮನೆಮಾತಿನಲ್ಲೇ ಇವೆ. ‘ನಅಬುದು’ವಿನಲ್ಲಿ ಇಬಾದತ್ ಇದೆ, ‘ಮಗ್ದೂಬ್’ನಲ್ಲಿ ಗಝಬ್ ಇದೆ. ‘ಅನ್‌ಅಮ್‌ತ’ದ ಬೇರು ನಮ್ಮ ರೈತರ ‘ಇನಾಮು ಜಮೀನಿ’ನಲ್ಲಿಯೂ ಇದೆ! ಆದರೂ ಎಚ್ಚರ ಬೇಕು: ಉರ್ದುವಿನ ‘ಗರೀಬ್’ ಬಡವ, ಅರಬಿಯ ‘ಗರೀಬ್’ ಪರದೇಶಿ.

ಮೂರನೆಯದಾದ ಕ್ರಿಯಾಪದದ ಹಂತದಲ್ಲಿ ಬಹಳ ಹುಡುಗರು ಪುಸ್ತಕ ಮುಚ್ಚುತ್ತಾರೆ. ಭೂತಕಾಲಕ್ಕೇ 14 ರೂಪಗಳು, ಅದರಲ್ಲಿ ಕನ್ನಡದಲ್ಲಿಲ್ಲದ ದ್ವಿವಚನ ಬೇರೆ. ಆಗ ಅವರಿಗೆ ‘ಬರೆದನು, ಬರೆದಳು, ಬರೆದರು’ ನೆನಪಿಸಬೇಕು. ಕನ್ನಡದ ಕ್ರಿಯಾಪದವೂ ಕರ್ತೃವನ್ನು ತನ್ನ ಬಾಲದಲ್ಲೇ ಹೊತ್ತಿರುತ್ತದೆ. ‘ಕತಬ, ಕತಬತ್, ಕತಬೂ’ ಅದೇ ಜಾಡು. ಈ ಹಂತದಲ್ಲಿ ತಿಂಗಳುಗಟ್ಟಲೆ ಮಗು ಮುಂದೆ ಸಾಗಿದಂತೆಯೇ ಕಾಣುವುದಿಲ್ಲ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿಗೆ ಇದು ಗೊತ್ತು. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ಹಾಗೆಂದು ತಟ್ಟೆಯನ್ನು ತಿಪ್ಪೆಗೆ ಸುರಿಯುವವರುಂಟೆ? ನಾಲ್ಕನೆಯ ಜ್ವರ ಎದ್ದ ಮೇಲೆ ಅದು ತಿನ್ನುವಷ್ಟು ಸೊಪ್ಪನ್ನು ಹಿಂದಿನ ದಿನಗಳೆಲ್ಲಾ ಸೇರಿದರೂ ತಿಂದಿರುವುದಿಲ್ಲ.

ಝೈದ್ ಬಿನ್ ಸಾಬಿತ್(ರ) ಪ್ರವಾದಿಯವರ(ಸ) ಆಜ್ಞೆಯಂತೆ ಯಹೂದಿಗಳ ಬರಹವನ್ನು ಅರ್ಧ ತಿಂಗಳೊಳಗೆ ಕಲಿತ ವಿಷಯ ತಿರ್ಮಿದಿಯಲ್ಲಿದೆ. ಇದನ್ನು ಹೇಳಿ ಮಕ್ಕಳನ್ನು ಹಂಗಿಸುವುದು ನನಗೆ ಸರಿಕಾಣದು. ಆ ಭಾಷೆಗೂ ಅರಬಿಗೂ ನೆಂಟಸ್ತನವಿದೆ, ಕನ್ನಡ ಬೇರೆಯದೇ ಕುಟುಂಬ. ನಮ್ಮ ಮಕ್ಕಳಿಗೆ ವರ್ಷಗಳೇ ಬೇಕಾಗಬಹುದು.

ಇಶಾ ಆದ ಮೇಲೆ ತಾಯಿಯೋ ತಂದೆಯೋ ಫಾತಿಹಾದ ಒಂದು ಪದದ ಅರ್ಥ ಕೇಳಲಿ, ತಮಗೆ ತಿಳಿಯದಿದ್ದರೆ ಮಗುವಿನೊಡನೆ ಕೂತು ಕಲಿಯಲಿ. ಅದು ಮುಗಿದ ಬಳಿಕ ಅಮ್ಮ ಜುಝುವಿನ ಕಿರು ಸೂರಾಗಳು. ಅವು ಹೇಗೂ ಮಗುವಿಗೆ ಬಾಯಿಪಾಠ, ಪದ ಬಿಡಿಸುವುದಷ್ಟೇ ಬಾಕಿ.