ಲೆಕ್ಕ ಇಡದ ಓಟ



ಕಾಮರ್ಸ್ ವಿದ್ಯಾರ್ಥಿಗಳಾದ ನಮಗೆ ಎಲ್ಲಕ್ಕೂ ಲೆಕ್ಕ ಬೇಕು. ಟೆಸ್ಟ್ ಅಂಕ, ಹಾಜರಾತಿ, ಕೊನೆಗೆ ಮೊಬೈಲಿನಲ್ಲಿ ನಡೆದ ಹೆಜ್ಜೆಗಳೂ ಲೆಕ್ಕವೇ. ಲೆಕ್ಕವನ್ನೇ ಇಡದೆ ಬೆಟ್ಟದ ದಾರಿಯಲ್ಲಿ ಮೆಲ್ಲಗೆ ಓಡುವುದರ ಬಗ್ಗೆ ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಎಲ್ಲಿ ಓಡಬಹುದು?

ಗುಂಡ್ಲುಪೇಟೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ಖಾಸಗಿ ವಾಹನಗಳನ್ನು ಕೆಳಗೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಆನೆ, ಹುಲಿ ಇರುವ ಕಾಡಿನ ದಾರಿ ಓಟಕ್ಕಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೂ ಇದೇ ಮಾತು. ನಾನು ಹೋಗುವುದು ತೆರಕಣಾಂಬಿ ಹತ್ತಿರದ ಹುಲುಗನಮುರಡಿ ಬೆಟ್ಟದ ಕಡೆಗೆ. ತುದಿಯಲ್ಲಿ ವೆಂಕಟರಮಣಸ್ವಾಮಿ ದೇವಸ್ಥಾನವಿದೆ, ಭಕ್ತರು ಓಡಾಡುವ ರಸ್ತೆ ಇದೆ. ಫಜರ್ ನಮಾಜ್ ಮುಗಿಸಿ, ಚೆನ್ನಾಗಿ ಬೆಳಕಾದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗುತ್ತೇನೆ. ನಮ್ಮ ಕಡೆ ಚಿರತೆಗಳೂ ಇರುವುದರಿಂದ ಕತ್ತಲಲ್ಲಿ ಹೋಗಬೇಡಿ, ಒಬ್ಬರೇ ಹೋಗಬೇಡಿ.

ಏರು ಏಕೆ ಕಷ್ಟ?

50 ಕೆಜಿ ತೂಕದವರು 100 ಮೀಟರ್ ಎತ್ತರ ಏರಿದರೆ ತಮ್ಮ ದೇಹವನ್ನು ಎತ್ತುವುದಕ್ಕೇ ಸುಮಾರು 49,000 ಜೌಲ್ ಕೆಲಸವಾಗುತ್ತದೆ. ಇದು 33 ಮಹಡಿ ಮೆಟ್ಟಿಲು ಹತ್ತಿದಂತೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ನಡೆಯುವವರಿಗೆ ಒಂದು ಸೂತ್ರ ಕೊಟ್ಟರು. ಸುಮಾರು 5 ಕಿಮೀ ದೂರಕ್ಕೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆದ್ದರಿಂದ ಮೈದಾನದ ವೇಗವನ್ನು ಬೆಟ್ಟದಲ್ಲಿ ಹುಡುಕಬಾರದು. ಮಾತೇ ನಮ್ಮ ಅಳತೆ. ಪೂರ್ತಿ ವಾಕ್ಯ ಆಡಲು ಆದರೆ ವೇಗ ಸರಿಯಾಗಿದೆ. ಎರಡು ಪದಕ್ಕೇ ಏದುಸಿರು ಬಂದರೆ ನಡೆಯಿರಿ. ಇಳಿಯುವಾಗ ತೊಡೆಯ ಸ್ನಾಯುಗಳು ಭಾರ ಹೊತ್ತುಕೊಂಡೇ ಹಿಗ್ಗುತ್ತವೆ, ಮಾರನೇ ದಿನ ನೋವು ಬರುವುದು ಅದರಿಂದಲೇ. ಚಿಕ್ಕ ಹೆಜ್ಜೆ ಇಡಿ.

ಪಟ್ಟಿ ಏಕೆ ಬೇಡ?

ಪಂದ್ಯಕ್ಕೆ ತಯಾರಾಗುವವರಿಗೆ ಪಟ್ಟಿ ಬೇಕು. ಆದರೆ ನನ್ನ ಅಬ್ಬಾಗೆ ಶುಗರ್ ಇದೆ. ಡಾಕ್ಟರ್ ನಡೆಯಲು ಹೇಳಿದಾಗ ಮೊಬೈಲಿನಲ್ಲಿ ಎಂಟು ವಾರದ ಪಟ್ಟಿ ಹಾಕಿಕೊಂಡರು. ಅಂಗಡಿ ಕೆಲಸದಿಂದ ನಾಲ್ಕು ದಿನ ತಪ್ಪಿತು, ಪಟ್ಟಿಯ ಜೊತೆ ನಡಿಗೆಯೂ ನಿಂತಿತು. ಈಗ ಭಾನುವಾರ ನನ್ನ ಜೊತೆ ಬರುತ್ತಾರೆ. ನಾನು ತಿರುವಿನವರೆಗೆ ಓಡಿ ವಾಪಸ್ ಬರುತ್ತೇನೆ, ಅವರು ನಡೆಯುತ್ತಾರೆ. ಡಾಕ್ಟರ್ ಹೇಳಿದಂತೆ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರುತ್ತದೆ. "ಹಲ್ಲೂ ಚಲೋ ಬೇಟಾ" ಎಂದು ಅವರು ಕೂಗಿದರೆ, ಜೊತೆಗೆ ಬರುವ ಗೆಳೆಯ "ಅಬ್ಬಾ ಹಲ್ಲಿಗೆ ಏನಾಯ್ತೋ?" ಎಂದು ಕೇಳುತ್ತಾನೆ. ನಮ್ಮ ಮನೆ ಉರ್ದುವಿನಲ್ಲಿ 'ಹಲ್ಲೂ' ಎಂದರೆ ಮೆಲ್ಲಗೆ! ಶನಿವಾರ ರಾತ್ರಿ ಶೂಗಳನ್ನು ಬಾಗಿಲ ಬಳಿ ಇಡುವವರು ಈಗ ಅಬ್ಬಾ.

1930ರ ದಶಕದಲ್ಲಿ ಸ್ವೀಡನ್ನಿನ ತರಬೇತುದಾರ ಗೋಸ್ಟಾ ಹೋಲ್ಮರ್ 'ಫಾರ್ಟ್‌ಲೆಕ್' ಎಂಬ ಪದ್ಧತಿ ರೂಪಿಸಿದರು. ಆ ಪದದ ಅರ್ಥ 'ವೇಗದ ಆಟ'. ಮನಸ್ಸು ಬಂದಾಗ ಜೋರು, ಬೇಡವಾದಾಗ ನಿಧಾನ. ಓಟವನ್ನು ಆಟದಂತೆ ಕಾಣಬಹುದು ಎಂದು ತರಬೇತುದಾರರೂ ಒಪ್ಪಿದ್ದಾರೆ.

ಇದರಿಂದ ಮಾರ್ಕ್ಸ್ ಬರುತ್ತಾ?

ಇದು ಅಮ್ಮಿಯ ಪ್ರಶ್ನೆ. ನಾನು ಅರ್ಥಶಾಸ್ತ್ರದಿಂದ ಉತ್ತರ ಕೊಟ್ಟೆ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮದ ಪ್ರಕಾರ ಒಂದೇ ವಸ್ತುವನ್ನು ಸತತವಾಗಿ ಬಳಸಿದರೆ ಪ್ರತಿ ಹೆಚ್ಚುವರಿ ಘಟಕದ ತೃಪ್ತಿ ಕಡಿಮೆಯಾಗುತ್ತದೆ. ಸತತ ಐದನೇ ಗಂಟೆಯ ಓದೂ ಹಾಗೆಯೇ ಅಲ್ಲವೇ? ಆ ಗಂಟೆಯನ್ನು ಬೆಟ್ಟಕ್ಕೆ ಕೊಟ್ಟರೆ ಅವಕಾಶ ವೆಚ್ಚ ಹೆಚ್ಚೇನಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅಮ್ಮಿ ನಕ್ಕು, "ಹತ್ತು ಗಂಟೆಯೊಳಗೆ ಮನೆಗೆ ಬಾ" ಎಂದರು.

ಸ್ನೇಹಿತರೇ, ನಿಮ್ಮ ಊರಿನ ಹತ್ತಿರವೂ ಒಂದು ಗುಡ್ಡ, ಒಂದು ಏರುದಾರಿ ಇರುತ್ತದೆ. ಒಂದು ಬಾಟಲಿ ನೀರು, ಹಳೇ ಶೂ, ಮನೆಯವರ ಒಪ್ಪಿಗೆ ಇದ್ದರೆ ಸಾಕು. ಮನೆಯಲ್ಲಿ ನಡಿಗೆ ಬಿಟ್ಟುಬಿಟ್ಟವರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.