ಸವಕಳಿಯ ಲೆಕ್ಕ: ಹಳೆಯ ಮೌಂಟನ್ ಬೈಕನ್ನು ಕೊಳ್ಳುವ ಮತ್ತು ಕಾಪಾಡುವ ವಿಚಾರ

ಅರ್ಥಶಾಸ್ತ್ರದ ತರಗತಿಯಲ್ಲಿ 'ಸವಕಳಿ' ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಯಂತ್ರವು ಬಳಸಿದಷ್ಟೂ ಸವೆಯುತ್ತದೆ. ಸವೆದಷ್ಟೂ ಅದರ ಬೆಲೆ ಇಳಿಯುತ್ತದೆ. ಈ ಇಳಿತವನ್ನು ಲೆಕ್ಕಕ್ಕೆ ಹಿಡಿಯದ ವ್ಯಾಪಾರಿಯು ಲಾಭವೆಂದು ಭ್ರಮಿಸಿ ಬಂಡವಾಳವನ್ನೇ ತಿನ್ನುತ್ತಿರುತ್ತಾನೆ. ಪರೀಕ್ಷೆಗೆಂದು ಓದಿದ ಈ ವಿಷಯವು ಹಳೆಯದೊಂದು ಸೈಕಲ್ಲನ್ನು ಕೊಳ್ಳುವಾಗ ನನಗೆ ಬಹಳ ಉಪಯೋಗಕ್ಕೆ ಬಂದಿತು. ಹಳೆಯ ವಸ್ತುವಿನ ನಿಜವಾದ ಬೆಲೆ ತಿಳಿಯಬೇಕಾದರೆ ಅದರ ಸವಕಳಿಯನ್ನು ಕಣ್ಣಿನಿಂದ, ಕೈಯಿಂದ, ಅಳತೆಪಟ್ಟಿಯಿಂದ ನಾವೇ ಅಳೆಯಬೇಕು. ಈ ಒಂದು ಮಾತನ್ನು ಸಹಪಾಠಿಗಳ ಮುಂದಿಡುವುದಕ್ಕಾಗಿಯೇ ಈ ಲೇಖನ.

ಮೊದಲು ನನಗೆ ಸೈಕಲ್ಲಿನ ಅಗತ್ಯವೇಕೆ ಬಂದಿತೆಂದು ಹೇಳಬೇಕು. ನಮ್ಮದು ತಿಪಟೂರು ಸೀಮೆಯ ಒಂದು ಹಳ್ಳಿ. ಕಾಲೇಜಿಗೆ 11 ಕಿಲೋಮೀಟರ್. ಅದರಲ್ಲಿ ಮೂರು ಕಿಲೋಮೀಟರ್ ಕೆರೆ ಏರಿಯ ಮೇಲಿನ ಮಣ್ಣುದಾರಿ. ಬಸ್ಸಿನ ಪಾಸು ಇತ್ತು, ಆದರೆ ಬಸ್ಸು ನಮ್ಮ ವೇಳಾಪಟ್ಟಿಯನ್ನು ಅನುಸರಿಸುತ್ತಿರಲಿಲ್ಲ. ಬೆಳಗಿನದು ತಪ್ಪಿದರೆ ಮೊದಲೆರಡು ತರಗತಿಗಳು ತಪ್ಪಿದಂತೆ. ಸಂಜೆಯದನ್ನು ಹಿಡಿಯಬೇಕೆಂದರೆ ಕೊನೆಯ ತರಗತಿಯನ್ನೂ ಗ್ರಂಥಾಲಯವನ್ನೂ ಬಿಡಬೇಕು. ಶೇಕಡಾ 75ರ ಹಾಜರಾತಿ ಇಲ್ಲದವನಿಗೆ ಪರೀಕ್ಷೆಯಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ತೆಂಗಿನಕಾಯಿ ಸುಲಿಯುವ ಕೂಲಿಕಾರರು. ಸ್ನೇಹಿತರು ಕೆಲವರು ಸಾಲದ ಮೇಲೆ ಮೋಟಾರ್ ಬೈಕು ತೆಗೆದುಕೊಂಡು, ಕಂತು ಕಟ್ಟುವುದಕ್ಕಾಗಿ ಓದುವ ಹೊತ್ತಿನಲ್ಲಿ ದುಡಿಯಲು ಹೋಗುತ್ತಿದ್ದುದನ್ನು ಕಂಡಿದ್ದೆ. ಎಂಟನೆಯ ತರಗತಿಯಲ್ಲಿ, 2018ರಲ್ಲಿ, ಸರ್ಕಾರದಿಂದ ದೊರೆತ ಸೈಕಲ್ಲು ಈಗ ನನಗೆ ಗಿಡ್ಡವಾಗಿತ್ತು. ಹೀಗಾಗಿ ಮಣ್ಣುದಾರಿಗೂ ಏರಿಗೂ ಒದಗುವ, ಗೇರುಳ್ಳ, ದಪ್ಪ ಟೈರಿನ ಹಳೆಯ ಸೈಕಲ್ಲೊಂದನ್ನು ಹುಡುಕತೊಡಗಿದೆ. ನನ್ನ ನಂತರ ಅದೇ ಸೈಕಲ್ಲಿನಲ್ಲಿ ಪಿ.ಯು.ಸಿ. ಓದುತ್ತಿರುವ ತಂಗಿಯೂ ಬರಬೇಕಾಗಿತ್ತು.

ಹಳೆಯದನ್ನು ಕೊಳ್ಳುವುದು ಹಿಂಜರಿಕೆಯ ಸಂಗತಿಯೆಂದು ಯಾರಾದರೂ ಭಾವಿಸಿದರೆ, ಅವರು ಈ ಸೈಕಲ್ಲಿನ ಚರಿತ್ರೆಯನ್ನು ನೋಡಬೇಕು. ಮೌಂಟನ್ ಬೈಕು ಹುಟ್ಟಿದ್ದೇ ಹಳೆಯ ಸೈಕಲ್ಲುಗಳಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಎಂಬ ಜಿಲ್ಲೆಯಲ್ಲಿ ಕೆಲವು ತರುಣರು 1930 ಮತ್ತು 40ರ ದಶಕಗಳ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು, ಬೆಟ್ಟದ ಮಣ್ಣುದಾರಿಗಳಲ್ಲಿ ಇಳಿಸುತ್ತಿದ್ದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಬದಿಯ ಹಬ್ಬಿನೊಳಗೆ ಹಿಡಿಯುವ ಬ್ರೇಕು ಅವುಗಳಿಗಿತ್ತು. ಒಂದು ಸಲ ಇಳಿಯುವಷ್ಟರಲ್ಲಿ ಹಬ್ಬು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಆದುದರಿಂದ 1976ರಲ್ಲಿ ಅಲ್ಲಿ ಆರಂಭವಾದ ಪಂದ್ಯಕ್ಕೆ 'ಮತ್ತೆ ತುಂಬು' ಎಂಬ ಅರ್ಥದ 'ರೀಪ್ಯಾಕ್' ಎಂಬ ಹೆಸರೇ ಬಂದಿತು. ಅವರಲ್ಲೊಬ್ಬನಾದ ಜೋ ಬ್ರೀಜ್ ಎಂಬಾತ 1977ರಲ್ಲಿ ಇದಕ್ಕೆಂದೇ ಹೊಸ ಫ್ರೇಮನ್ನು ನಿರ್ಮಿಸಿದ. 1981ರಲ್ಲಿ 'ಸ್ಟಂಪ್‌ಜಂಪರ್' ಎಂಬ ಸೈಕಲ್ಲು ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಮಾರಾಟಕ್ಕೆ ಬಂದಿತು. ಹಳೆಯದನ್ನು ಕೊಳ್ಳುವುದೂ ಕೈಯಾರೆ ಗ್ರೀಸು ತುಂಬುವುದೂ ಈ ವಾಹನದ ಹುಟ್ಟುಗುಣವೆನ್ನಬಹುದು.

ಇನ್ನು ಕೊಳ್ಳುವ ವಿಚಾರ. ನಾನು ಹೊರಟಾಗ ತಂದೆಯವರು ಹೇಳಿದ್ದು ಒಂದೇ ಮಾತು: "ಕಾಯಿ ಕೊಳ್ಳುವಾಗ ಅಲ್ಲಾಡಿಸಿ ನೀರು ಕೇಳ್ತೀವಲ್ಲ ಮಗ, ಹಂಗೇ ಅಲ್ಲಾಡಿಸಿ ನೋಡು." ಇದಕ್ಕಿಂತ ಒಳ್ಳೆಯ ಉಪದೇಶ ಬೇರೆಲ್ಲೂ ದೊರೆಯಲಾರದು. ಸೈಕಲ್ಲಿನ ಪರೀಕ್ಷೆಯ ಬಹುಭಾಗ ಅಲ್ಲಾಡಿಸುವುದೇ ಆಗಿದೆ.

ಮೊದಲನೆಯದು ಫ್ರೇಮು. ಉಳಿದದ್ದೆಲ್ಲವನ್ನೂ ಬದಲಿಸಬಹುದು, ಫ್ರೇಮು ಹೋದರೆ ಸೈಕಲ್ಲೇ ಹೋಯಿತು. ಹ್ಯಾಂಡಲ್ಲಿನ ಕೊಳವೆಗೆ ಕೆಳಗಿನ ಓರೆ ಕೊಳವೆ ಸೇರುವ ಬೆಸುಗೆಯ ಹತ್ತಿರ ಬಣ್ಣ ಬಿರಿದಿದ್ದರೆ, ಸುಕ್ಕುಗಟ್ಟಿದ್ದರೆ, ಅದು ಎಲ್ಲಿಯೋ ಮುಂದಿನಿಂದ ಗುದ್ದಿಸಿಕೊಂಡಿದೆಯೆಂದು ತಿಳಿಯಬೇಕು. ಅಂತಹುದನ್ನು ಪುಕ್ಕಟೆ ಕೊಟ್ಟರೂ ಬೇಡ. ಒಂದು ಅಯಸ್ಕಾಂತದ ಚೂರು ಜೇಬಿನಲ್ಲಿರಲಿ. ಅಂಟಿದರೆ ಉಕ್ಕು, ಅಂಟದಿದ್ದರೆ ಅಲ್ಯೂಮಿನಿಯಂ. ಉಕ್ಕು ತೂಕ ಹೆಚ್ಚು, ಆದರೆ ಬಿರುಕನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿಯೂ ಬೆಸೆಯಬಹುದು. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯದು. ಆದರೆ ಬೆಸೆದ ಕಡೆ ಅದರ ಬಲ ಕುಗ್ಗುತ್ತದೆ, ಮತ್ತೆ ಹದವಾಗಿ ಕಾಯಿಸುವ ಏರ್ಪಾಡು ಬೇಕಾಗುತ್ತದೆ.

ಎರಡನೆಯದು ಸಂದುಗಳು. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿದಾಗ ಹ್ಯಾಂಡಲ್ ಬುಡದಲ್ಲಿ 'ಟಕ್ ಟಕ್' ಎಂದರೆ ಅಲ್ಲಿನ ಬಾಲ್ಸ್ ಸಡಿಲ. ಪೆಡಲಿನ ತೋಳನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರೆ ನಡುವಿನ ಅಚ್ಚಿನ, ಅಂದರೆ ಬಿ.ಬಿ.ಯ, ಸ್ಥಿತಿ ತಿಳಿಯುತ್ತದೆ. ಚಕ್ರವನ್ನು ಎತ್ತಿ ರಿಮ್ಮನ್ನು ಪಕ್ಕಕ್ಕೆ ಎಳೆದರೆ ಹಬ್ಬಿನ ಸ್ಥಿತಿ ಗೊತ್ತಾಗುತ್ತದೆ.

ಮೂರನೆಯದು ಚಕ್ರ. ತಿರುಗಿಸಿ ಬಿಟ್ಟು, ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವಿನ ಸಂದನ್ನು ನೋಡಬೇಕು. ಸ್ವಲ್ಪ ಓಲಾಟವಿದ್ದರೆ ಸ್ಪೋಕ್ ಬಿಗಿದು ಸರಿಪಡಿಸಬಹುದು. ರಬ್ಬರು ತಾಗುವ ಜಾಗದಲ್ಲಿ ರಿಮ್ಮು ಒಳಕ್ಕೆ ಕೊರೆದು ಹಳ್ಳವಾಗಿದ್ದರೆ ಹೊಸ ರಿಮ್ಮೇ ಬೇಕು. ಅಳತೆಯ ವಿಚಾರದಲ್ಲಿ ಒಂದು ಎಚ್ಚರಿಕೆ. '26 ಅಂಗುಲ' ಎಂಬ ಒಂದೇ ಮಾತಿಗೆ ಒಂದಕ್ಕಿಂತ ಹೆಚ್ಚು ಅಳತೆಗಳಿವೆ. ಮೌಂಟನ್ ಬೈಕಿನ 26 × 1.95 ಟೈರು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರ್. ಸಾಧಾರಣ ಸೈಕಲ್ಲಿನ 26 × 1⅜ ಟೈರಿನದು 590 ಮಿಲಿಮೀಟರ್. ಒಂದರ ಟೈರು ಇನ್ನೊಂದಕ್ಕೆ ಕೂರದು. ಆದುದರಿಂದ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಪೂರ್ತಿಯಾಗಿ ಬರೆದುಕೊಂಡು, ಆ ಅಳತೆಯದು ನಮ್ಮ ಊರಿನಲ್ಲಿ ಸಿಗುವುದೇ ಎಂದು ಕೇಳಿಯೇ ಮುಂದುವರಿಯಬೇಕು.

ನಾಲ್ಕನೆಯದು ಚೈನು. ಸವಕಳಿಯನ್ನು ಅಂಕಿಯಲ್ಲಿ ಅಳೆಯಬಹುದಾದ ಭಾಗವಿದು. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಅಂಗುಲ. 24 ಅಂತರಗಳಿಗೆ ಸರಿಯಾಗಿ 12 ಅಂಗುಲ. ಒಂದು ಪಿನ್ನಿನ ನಡುವೆ ಉಕ್ಕಿನ ಅಳತೆಪಟ್ಟಿಯ ಸೊನ್ನೆಯನ್ನಿಟ್ಟು ನೋಡಬೇಕು. ಇನ್ನೊಂದು ತುದಿಯ ಪಿನ್ನು 12 ಅಂಗುಲವನ್ನು 1/16 ಅಂಗುಲದಷ್ಟು ದಾಟಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. 1/8 ದಾಟಿದ್ದರೆ ಆ ಚೈನು ಹಿಂದಿನ ಫ್ರೀವೀಲಿನ ಹಲ್ಲುಗಳನ್ನೂ ತಿಂದಿರುತ್ತದೆ, ಎರಡನ್ನೂ ಬದಲಿಸಬೇಕು. ನಾನು ನೋಡಿದ ಸೈಕಲ್ಲಿನಲ್ಲಿ ಅದು 1/8 ದಾಟಿತ್ತು.

ಮುಂದಿನ ಫೋರ್ಕಿನ ಸ್ಪ್ರಿಂಗು ಕಂಡು ಯಾರೂ ಮೋಹಗೊಳ್ಳಬೇಕಾಗಿಲ್ಲ. ಅಗ್ಗದ ಸೈಕಲ್ಲುಗಳಲ್ಲಿ ಅದು ತೂಕವನ್ನು ಹೆಚ್ಚಿಸುವಷ್ಟು ಸುಖವನ್ನು ಹೆಚ್ಚಿಸುವುದಿಲ್ಲ. ನಮ್ಮ ಮಣ್ಣುದಾರಿಗೆ ದಪ್ಪ ಟೈರೊಂದೇ ಸಾಕು.

ಹೀಗೆ ನೋಡಿದ್ದನ್ನೆಲ್ಲ ಕಾಗದದ ಮೇಲೆ ಬರೆದು, ರಿಪೇರಿ ಅಂಗಡಿಯಲ್ಲಿ ದರ ಕೇಳಿದೆ. ಚೈನು 350, ಫ್ರೀವೀಲು 450, ಹಿಂದಿನ ಟೈರು 500, ಬ್ರೇಕ್ ರಬ್ಬರು ಎರಡು ಜೊತೆ 160, ಕೇಬಲ್ಲುಗಳು 140, ಬಿ.ಬಿ.ಯ ಬಾಲ್ಸ್, ಗ್ರೀಸು ಮತ್ತು ಕೂಲಿ 300: ಒಟ್ಟು 1,900 ರೂಪಾಯಿ. ಮಾರುವವರು ಕೇಳಿದ್ದು 4,500. ಚೀಟಿಯನ್ನು ಮುಂದಿಟ್ಟು, ಒಂದೊಂದನ್ನೂ ತೋರಿಸಿ ಮಾತನಾಡಿದ್ದರಿಂದ ಚೌಕಾಶಿಯ ಕಹಿಯಿಲ್ಲದೆ 3,000ಕ್ಕೆ ಒಪ್ಪಿದರು. ರಿಪೇರಿ ಸೇರಿ 4,900 ಆಯಿತು. ಅಂತಹುದೇ ಹೊಸದಕ್ಕೆ ಅಂಗಡಿಯವರು ಹೇಳಿದ್ದು 10,800. ಯಾರೇ ಆಗಲಿ ಕೊಳ್ಳುವ ಬೆಲೆಗೆ ರಿಪೇರಿಯ ವೆಚ್ಚವನ್ನು ಸೇರಿಸಿಯೇ ಹೊಸದರೊಡನೆ ಹೋಲಿಸಬೇಕು.

ಇನ್ನೊಂದು ಮಾತು. ಬಿ.ಬಿ.ಯ ಕೆಳಭಾಗದಲ್ಲಿ ಫ್ರೇಮಿನ ಸಂಖ್ಯೆ ಕೊರೆದಿರುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಆ ವ್ಯಾಪಾರವೇ ಬೇಡ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ. ಮಾರುವವರ ಸಹಿ, ದಿನಾಂಕ, ಫ್ರೇಮಿನ ಸಂಖ್ಯೆ ಇವಿಷ್ಟಿರುವ ರಸೀತಿಯನ್ನು ಬರೆಸಿಕೊಳ್ಳುವುದು ಇಬ್ಬರಿಗೂ ಮರ್ಯಾದೆ.

ಕೊಂಡ ಮೇಲೆ ಕಾಪಾಡುವ ವಿಚಾರ. ದಿನವೂ ಹೊರಡುವ ಮುನ್ನ ಎರಡು ಟೈರುಗಳನ್ನು ಒತ್ತಿ, ಎರಡು ಬ್ರೇಕುಗಳನ್ನು ಹಿಡಿದು ನೋಡಲು ಅರ್ಧ ನಿಮಿಷ ಸಾಕು. ವಾರಕ್ಕೊಮ್ಮೆ ಚೈನನ್ನು ಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಯ ಉರುಳೆಗೂ ಒಂದೊಂದು ಹನಿ ತೆಳುವಾದ ಯಂತ್ರದ ಎಣ್ಣೆ ಬಿಟ್ಟು, ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದ ಎಣ್ಣೆಯನ್ನು ಒರೆಸಿಬಿಡಬೇಕು. ಹೊರಗಿನ ಎಣ್ಣೆ ಧೂಳನ್ನು ಹಿಡಿಯುತ್ತದೆ. ಎಣ್ಣೆ ಧೂಳು ಸೇರಿದರೆ ಅರದಂತೆ ಲೋಹವನ್ನು ಉಜ್ಜುತ್ತದೆ. ನಮ್ಮ ಕಡೆ ಕೆಲವರು ಕೊಬ್ಬರಿ ಎಣ್ಣೆ ಹಾಕುವುದನ್ನು ನೋಡಿದ್ದೇನೆ. ಅದು ಚಳಿಗಾಲದ ಮುಂಜಾನೆ ಗಟ್ಟಿಯಾಗುತ್ತದೆ, ಕ್ರಮೇಣ ಜಿಗುಟಾಗುತ್ತದೆ, ತಲೆಗೇ ಇರಲಿ. ಡಿಸ್ಕ್ ಬ್ರೇಕು ಇರುವವರು ಆ ತಟ್ಟೆಗೆ ಎಣ್ಣೆಯ ಕೈಯನ್ನೂ ತಾಗಿಸಬಾರದು. ಬ್ರೇಕು ಹಿಡಿಯದೆ ಹೋದೀತು. ಗಾಡಿ ತೊಳೆಯುವ ಅಂಗಡಿಯ ನೀರಿನ ರಭಸ ಹಬ್ಬು, ಬಿ.ಬಿ.ಗಳಿಗೆ ಬೇಡ, ಗ್ರೀಸು ಕೊಚ್ಚಿಹೋಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಅವುಗಳನ್ನು ಬಿಚ್ಚಿಸಿ ಹೊಸ ಗ್ರೀಸು ತುಂಬಿಸಬೇಕು.

ಪಂಕ್ಚರ್ ಹಾಕುವುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ವಿದ್ಯಾರ್ಥಿನಿಯೂ ಕಲಿಯಬೇಕು. ಟ್ಯೂಬನ್ನು ಉಜ್ಜುಕಾಗದದಿಂದ ಒರಟಾಗಿಸಿ, ಸೊಲ್ಯೂಷನ್ ಹಚ್ಚಿ, ಹಸಿ ಆರುವವರೆಗೆ ಕಾದು ತೇಪೆ ಅಂಟಿಸಬೇಕು. ಟೈರಿನ ಒಳಗೆ ಬೆರಳಾಡಿಸಿ ಜಾಲಿಮುಳ್ಳು ಉಳಿದಿಲ್ಲವೆಂದು ನೋಡಿದ ಮೇಲೆಯೇ ಟ್ಯೂಬು ಒಳಕ್ಕೆ ಹೋಗಬೇಕು. ಪೆಡಲನ್ನು ಬಿಚ್ಚುವಾಗ ಒಂದು ವಿಷಯ ನೆನಪಿರಲಿ: ಎಡಗಡೆಯ ಪೆಡಲಿನ ಮರೆ ತಿರುವುಮುರುವು, ಅದು ಬಿಗಿಯುವುದು ಎಡಕ್ಕೆ ತಿರುಗಿಸಿದರೆ.

ಗೇರುಗಳನ್ನು ಏರು ಬರುವ ಮುನ್ನವೇ, ಹಗುರವಾಗಿ ತುಳಿಯುತ್ತ ಬದಲಿಸಬೇಕು. ಏರಿನ ನಡುವೆ ಭಾರ ಹಾಕಿ ಬದಲಿಸಿದರೆ ಚೈನು ನರಳುತ್ತದೆ. ಮುಂದಿನ ದೊಡ್ಡ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ಒಮ್ಮೆಗೇ ಚೈನು ಹಾಕಿದರೆ ಅದು ಓರೆಯಾಗಿ ಎಳೆದು ಬೇಗ ಸವೆಯುತ್ತದೆ. ತಂಗಿಗಾಗಿ ಸೀಟನ್ನು ಏರಿಳಿಸುವಾಗ ಸೀಟಿನ ಕಂಬದ ಮೇಲಿರುವ ಮಿತಿಯ ಗೆರೆ ಹೊರಗೆ ಕಾಣದಂತೆ ನೋಡಿಕೊಳ್ಳುತ್ತೇನೆ.

ಈ ಎಚ್ಚರಿಕೆಯ ಫಲವನ್ನು ಲೆಕ್ಕದಲ್ಲಿಯೇ ಹೇಳುತ್ತೇನೆ. ಹೊಸ ಚೈನು ಎಂಟು ತಿಂಗಳಲ್ಲಿ, ಸುಮಾರು 2,800 ಕಿಲೋಮೀಟರ್ ಓಡಿ, 1/16 ಅಂಗುಲದ ಗೆರೆಯನ್ನು ಮುಟ್ಟಿತು. ಕೂಡಲೇ 350 ರೂಪಾಯಿ ಕೊಟ್ಟು ಬದಲಿಸಿದೆ. ಫ್ರೀವೀಲಿನ ಹಲ್ಲುಗಳು ಉಳಿದವು. 450 ರೂಪಾಯಿ ಮನೆಯಲ್ಲಿಯೇ ಉಳಿಯಿತು. ನಮ್ಮ ತಂದೆಯವರ ಕೂಲಿಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತವೇನೂ ಅಲ್ಲ. ಹಾಜರಾತಿಯ ಪಟ್ಟಿಯಲ್ಲಿ ಕಳೆದ ಎರಡು ಸೆಮಿಸ್ಟರುಗಳಲ್ಲಿ ನನ್ನ ಹೆಸರಿನ ಮುಂದೆ ಕೊರತೆಯಿಲ್ಲ. ಸಂಜೆ ಆರರವರೆಗೆ ಗ್ರಂಥಾಲಯದಲ್ಲಿ ಕೂರುವ ಭಾಗ್ಯವೂ ದೊರೆತಿದೆ.

ಕೊನೆಯಲ್ಲಿ ಒಂದು ವಿನಂತಿ. ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಬಳಿ ಒಂದು ಪಂಪು, ಒಂದು ಉಕ್ಕಿನ ಅಳತೆಪಟ್ಟಿ, ಪಂಕ್ಚರಿನ ಸಾಮಗ್ರಿ, ನಾಲ್ಕಾರು ಸ್ಪ್ಯಾನರುಗಳು ಇರುವ ಪೆಟ್ಟಿಗೆಯೊಂದನ್ನು ಇಡುವ ವ್ಯವಸ್ಥೆಯಾದರೆ ದೂರದ ಹಳ್ಳಿಗಳಿಂದ ಬರುವ ಎಷ್ಟೋ ಮಂದಿಗೆ ಉಪಕಾರವಾಗುತ್ತದೆ. ರಾಷ್ಟ್ರೀಯ ಸೇವಾ ಯೋಜನೆಯ ಘಟಕವು ತಿಂಗಳಿಗೊಂದು ಶನಿವಾರ ಇದರ ಪಾಠವನ್ನು ಏರ್ಪಡಿಸಬಹುದು. ಮೊದಲನೆಯ ಪಾಠಕ್ಕೆ ನನ್ನ ಸೈಕಲ್ಲನ್ನು ಬಿಚ್ಚಿ ತೋರಿಸಲು ನಾನು ಸಿದ್ಧನಿದ್ದೇನೆ. ಅಧ್ಯಾಪಕವರ್ಗದವರು ಈ ಸಲಹೆಯನ್ನು ಪರಿಶೀಲಿಸಬೇಕೆಂದು ಪ್ರಾರ್ಥಿಸಿ ಲೇಖನವನ್ನು ಮುಗಿಸುತ್ತೇನೆ.