ಕತ್ತಲಲ್ಲಿ ಜೊತೆಗೊಬ್ಬರು: ಭಯದ ಪುಸ್ತಕಗಳನ್ನು ಮೊದಲ ಸಲ ಓದುವವರಿಗೆ

ಕರ್ನಾಟಕದ ಎಷ್ಟೋ ಊರುಗಳಲ್ಲಿ ಒಂದು ಕಾಲಕ್ಕೆ ಮನೆಯ ಬಾಗಿಲ ಮೇಲೆ ಎರಡು ಪದ ಬರೆದಿರುತ್ತಿದ್ದರು: ‘ನಾಳೆ ಬಾ’. ರಾತ್ರಿ ದೆವ್ವವೊಂದು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದವರ ಕತೆ ಮುಗಿಯಿತು ಎಂಬ ಸುದ್ದಿ ಹಬ್ಬಿದ್ದ ಕಾಲ ಅದು. ಬಂದ ದೆವ್ವ ಬರಹ ಓದಿ ಹಿಂದಿರುಗಬೇಕು. ಮರುದಿನ ಬಂದರೂ ಅದೇ ಬರಹ. ಇದನ್ನು ಕೇಳಿ ನಿಮಗೆ ನಗು ಬಂದಿರಬಹುದು. ನಾನು ಮಾತ್ರ ಆ ಎರಡು ಪದಗಳನ್ನು ಭಯದ ಕುರಿತ ನಮ್ಮ ಅತಿ ಚಿಕ್ಕ ಪುಸ್ತಕವೆಂದು ಎಣಿಸುತ್ತೇನೆ. ಹೆದರಿದ ಜನ ಅಲ್ಲಿ ಕತ್ತಿಯನ್ನೋ ಕೋಲನ್ನೋ ಹಿಡಿಯಲಿಲ್ಲ, ಅಕ್ಷರವನ್ನು ಹಿಡಿದರು. ಆ ಪುಸ್ತಕಕ್ಕೆ ಇರುವ ಕೊರತೆ ಒಂದೇ. ಅದು ಭಯವನ್ನು ಮುಂದೂಡುತ್ತದೆ, ಎದುರಿಸುವುದಿಲ್ಲ.

ಎದುರಿಸುವ ಪುಸ್ತಕಗಳೂ ಕನ್ನಡದಲ್ಲಿವೆ. ಅವುಗಳ ಪರಿಚಯ ಮಾಡಿಕೊಡುವುದು ಈ ಲೇಖನದ ಕೆಲಸ. ಶಾಲೆಯ ಪಠ್ಯ ಬಿಟ್ಟು ನೀವು ಬೇರೇನೂ ಓದಿಲ್ಲ ಎಂದೇ ಇಟ್ಟುಕೊಂಡು ಬರೆಯುತ್ತೇನೆ. ನಿಮಗೆ ಕುತೂಹಲವಿದ್ದರೆ ಸಾಕು. ಉಳಿದದ್ದನ್ನು ಒಂದೊಂದೇ ಮೆಟ್ಟಿಲಾಗಿ ಹತ್ತೋಣ.

ಮೊದಲ ಮೆಟ್ಟಿಲು ನಮ್ಮೂರೇ ಆಗಲಿ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಅಮ್ಮಾಜಾನ್ ಬಾವಾಜಾನ್ ದರ್ಗಾ ಇದೆ. ದರ್ಗಾ ಎಂದರೆ ಸೂಫಿ ಸಂತರ ಸಮಾಧಿ ಇರುವ ಪುಣ್ಯಸ್ಥಳ. ಇಲ್ಲಿಗೆ ಮುಸ್ಲಿಮರು ಬರುತ್ತಾರೆ, ಹಿಂದೂಗಳೂ ಬರುತ್ತಾರೆ. ಗಡಿಯಾಚೆಯ ಆಂಧ್ರದಿಂದ, ತಮಿಳುನಾಡಿನಿಂದಲೂ ಬರುತ್ತಾರೆ. ಕೆಲವರದು ಹರಕೆ ತೀರಿಸುವ ಸಂತೋಷ. ಇನ್ನು ಕೆಲವರದು ಬೇರೆ ಕಷ್ಟ: ‘ಗಾಳಿ ಸೋಕಿದೆ’, ‘ಯಾರೋ ಮಾಟ ಮಾಡಿಸಿದ್ದಾರೆ’, ‘ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಾಳೆ’. ಲೋಬಾನದ ಹೊಗೆಯ ನಡುವೆ ಕೂತಿರುವ ಅಂಥವರನ್ನು ನೀವು ನೋಡಿದ್ದರೆ ಒಂದು ಸಂಗತಿಯನ್ನು ಗಮನಿಸಿರಬಹುದು. ಹೆದರಿದವರು ಸಾಮಾನ್ಯವಾಗಿ ಒಬ್ಬರೇ ಬಂದಿರುವುದಿಲ್ಲ. ಪಕ್ಕದಲ್ಲಿ ತಾಯಿಯೋ ಅಣ್ಣನೋ ಅತ್ತೆಯೋ ಬುತ್ತಿಯ ಚೀಲ ಹಿಡಿದು ಕೂತಿರುತ್ತಾರೆ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ನಮಗೆ ಬೇಕಾಗುತ್ತದೆ.

ಎರಡನೆಯ ಮೆಟ್ಟಿಲು ಪದಗಳದು. ಹೆದರಿಕೆಗೆ ಕನ್ನಡದಲ್ಲಿ ಹಲವು ಹೆಸರುಗಳಿವೆ, ಒಂದೊಂದರ ಅಳತೆಯೂ ಬೇರೆ. ಎದುರಿಗೆ ಹಾವು ಕಂಡಾಗ ಆಗುವುದು ‘ಭಯ’, ಅದಕ್ಕೆ ಕಾರಣ ಕಣ್ಣಮುಂದೆಯೇ ಇದೆ. ಹಿಂದಿನಿಂದ ಯಾರೋ ತಟ್ಟಿದಾಗ ಎದೆ ಧಸಕ್ಕೆಂದರೆ ಅದು ‘ದಿಗಿಲು’. ದೊಡ್ಡವರ ಮುಂದೆ ಮಾತು ಗಂಟಲಲ್ಲೇ ನಿಂತರೆ ‘ಅಳುಕು’. ಕಾರಣವೇ ತಿಳಿಯದೆ ದಿನಗಟ್ಟಲೆ ಮನಸ್ಸು ಕುದಿಯುತ್ತಿದ್ದರೆ ‘ಆತಂಕ’. ಇವನ್ನೆಲ್ಲ ‘ಗಾಳಿ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಯಾವುದಕ್ಕೂ ಮದ್ದು ಸಿಗುವುದಿಲ್ಲ. ಸಾಹಿತ್ಯ ಮಾಡುವ ಮೊದಲ ಉಪಕಾರ ಇದು: ಚೀಲ ಬಿಚ್ಚಿ ಒಂದೊಂದನ್ನೂ ಬೇರೆಬೇರೆಯಾಗಿ ಎದುರಿಗಿಡುತ್ತದೆ.

ಇನ್ನೊಂದು ಪದ ‘ಭಯಾನಕ’. ಇಂದು ನಾವಿದನ್ನು ಸಿನಿಮಾ ಜಾಹೀರಾತಿನಲ್ಲಿ ಓದುತ್ತೇವೆ, ಆದರೆ ಇದು ಬಹಳ ಹಳೆಯ ಪದ. ಭರತನ ‘ನಾಟ್ಯಶಾಸ್ತ್ರ’ ಹೇಳುವ ಎಂಟು ರಸಗಳಲ್ಲಿ ಇದೂ ಒಂದು. ರಸವೆಂದರೆ, ನಾಟಕ ನೋಡುವಾಗ ಅಥವಾ ಕತೆ ಓದುವಾಗ ನಮ್ಮೊಳಗೆ ಹುಟ್ಟುವ ಭಾವದ ಸವಿ. ಭಯಾನಕ ರಸಕ್ಕೆ ಭರತ ಕೊಟ್ಟ ಬಣ್ಣ ಕಪ್ಪು. ‘ಹೆದರಿಕೆಯಲ್ಲಿ ಸವಿ ಎಲ್ಲಿಂದ ಬಂತು?’ ಎಂದು ನೀವು ಕೇಳಬಹುದು, ಕೇಳಲೇಬೇಕು. ನಿಜವಾದ ಹುಲಿಯ ಮುಂದೆ ಸವಿಯಿಲ್ಲ. ಕತೆಯ ಹುಲಿಯ ಮುಂದೆ ನಿಂತಾಗ ನಿಮ್ಮ ಎದೆ ನಡುಗುತ್ತದೆ, ಜೀವಕ್ಕೆ ಮಾತ್ರ ಅಪಾಯವಿಲ್ಲ. ಹಾಗಾಗಿ ಓಡಿಹೋಗದೆ ನಿಂತು ನೋಡಬಹುದು. ನಿಂತು ನೋಡಲು ಸಿಗುವ ಆ ಬಿಡುವೇ ಓದಿನ ಲಾಭ.

ಇಲ್ಲೊಂದು ಎಚ್ಚರಿಕೆಯ ಮಾತು. ಹೆದರಿಸುವ ಪುಸ್ತಕ ಬೇರೆ, ಹೆದರಿಕೆಯನ್ನು ಎದುರಿಸುವ ಪುಸ್ತಕ ಬೇರೆ. ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಮಾಟಮಂತ್ರದ ಕಾದಂಬರಿ. ಅದು ಕನ್ನಡಕ್ಕೂ ಬಂದು, 1985ರಲ್ಲಿ ಸಿನಿಮಾ ಕೂಡ ಆಯಿತು. ಅಂಥವನ್ನು ಓದಬೇಡಿ ಎನ್ನುವುದಿಲ್ಲ, ಒಂದೇ ಉಸಿರಿಗೆ ಓದಿಸಿಕೊಳ್ಳುವುದೂ ಒಂದು ಕಲೆ. ಆದರೆ ನಾವು ಇಂದು ಹುಡುಕುತ್ತಿರುವುದು ಎರಡನೆಯ ಬಗೆಯನ್ನು. ಅದನ್ನು ಗುರುತಿಸಲು ನನ್ನ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಹೇಳಿಕೊಡುತ್ತೇನೆ. ನೀವೂ ಬರೆದಿಟ್ಟುಕೊಳ್ಳಿ. ಇಲ್ಲಿ ಹೆದರಿದವರು ಯಾರು? ಅವರು ನಿಜವಾಗಿ ಹೆದರಿದ್ದು ಯಾವುದಕ್ಕೆ? ಅವರ ಪಕ್ಕದಲ್ಲಿ ಯಾರಿದ್ದಾರೆ? ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಮರೆಯುತ್ತಾರೆ. ಪುರಂದರದಾಸರ ಪುಟ್ಟ ಕೃಷ್ಣ ಗುಮ್ಮನಿಗೆ ಹೆದರುತ್ತಾನೆ ಎಂಬುದು ನಮಗೆ ನೆನಪಿರುತ್ತದೆ. ಅವನು ಆ ಮಾತನ್ನು ಹೇಳುತ್ತಿರುವುದು ಅಮ್ಮನಿಗೆ ಎಂಬುದು ಗಮನಕ್ಕೇ ಬರುವುದಿಲ್ಲ.

ಈಗ ಪುಸ್ತಕಗಳಿಗೆ ಬರೋಣ. ಹೊಸಬರು ಹೊರಗಿನ ಕತ್ತಲಿನಿಂದ ಶುರುಮಾಡುವುದು ಸುಲಭ. ಹೊರಗಿನ ಕತ್ತಲೆಂದರೆ ಕಾಡು. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ಇಂಗ್ಲಿಷಿನಲ್ಲಿ ಬರೆದ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಎಂಬ ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದಿದ್ದಾರೆ. ಇವು ಭಾವಾನುವಾದ. ಅಂದರೆ ಪದಕ್ಕೆ ಪದ ಇಡದೆ, ಕತೆಯ ಜೀವವನ್ನು ನಮ್ಮ ಮಾತಿನಲ್ಲಿ ಮತ್ತೆ ಹೇಳುವುದು. ‘ಜಾಲಹಳ್ಳಿಯ ಕುರ್ಕ’ದಿಂದ ಪ್ರಾರಂಭಿಸಿ. ಕುರ್ಕ ಎಂದರೆ ಚಿರತೆ. ಜಾಲಹಳ್ಳಿ ಈಗ ಬೆಂಗಳೂರಿನ ಒಳಗೇ ಸೇರಿಹೋಗಿದೆ, ಚಿಂತಾಮಣಿಯಿಂದ ಬಸ್ಸು ಹತ್ತಿದರೆ ಅರ್ಧ ದಿನದ ದಾರಿಯೂ ಅಲ್ಲ. ಈ ಕತೆಗಳಲ್ಲಿ ಧೈರ್ಯ ಎಂಬುದು ಎದೆಯುಬ್ಬಿಸುವ ಸಂಗತಿಯಲ್ಲ. ಹೆಜ್ಜೆಗುರುತು ಹಳೆಯದೋ ಹೊಸದೋ, ಮುಸುವ ಯಾವ ಕಡೆ ನೋಡಿ ಕೂಗಿತು, ಪ್ರಾಣಿ ಯಾವ ಕಾಲು ಎಳೆಯುತ್ತಿದೆ ಎಂದು ಗಮನಿಸುವುದೇ ಧೈರ್ಯ. ನರಭಕ್ಷಕ, ಅಂದರೆ ಮನುಷ್ಯರನ್ನು ತಿನ್ನುವ ಪ್ರಾಣಿ, ಎಷ್ಟೋ ಸಲ ಗುಂಡೇಟಿನಿಂದಲೋ ಮುಳ್ಳುಹಂದಿಯ ಮುಳ್ಳಿನಿಂದಲೋ ಗಾಯಗೊಂಡು ಸಹಜ ಬೇಟೆ ಆಡಲಾಗದೆ ಆ ದಾರಿ ಹಿಡಿದಿರುತ್ತದೆ. ಕಾರಣ ತಿಳಿದ ಮೇಲೆ ಅಪಾಯ ಕಡಿಮೆಯಾಗುವುದಿಲ್ಲ. ಅದು ರಾಕ್ಷಸನ ರೂಪ ಕಳೆದುಕೊಂಡು ಪ್ರಾಣಿಯಾಗುತ್ತದೆ, ಅಷ್ಟೇ. ಪ್ರಾಣಿಯನ್ನಾದರೆ ಮನುಷ್ಯ ಎದುರಿಸಬಲ್ಲ.

ಇದರ ಬೆನ್ನಿಗೇ ತೇಜಸ್ವಿಯವರು ಜಿಮ್ ಕಾರ್ಬೆಟ್‌ನಿಂದ ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿ. ಹಿಮಾಲಯದ ಗಢವಾಲಿನಲ್ಲಿ ಎಂಟು ವರ್ಷ ಕಾಡಿ, ಲೆಕ್ಕಕ್ಕೆ ಸಿಕ್ಕಂತೆ 125 ಜನರನ್ನು ಕೊಂದು, 1926ರಲ್ಲಿ ಸತ್ತ ಚಿರತೆಯ ಕತೆ ಇದು. ಕಾರ್ಬೆಟ್ ಒಂದು ಘಟನೆ ಹೇಳುತ್ತಾನೆ. ಕೊಲ್ಲುತ್ತಿರುವುದು ಚಿರತೆಯಲ್ಲ, ರಾತ್ರಿ ರೂಪ ಬದಲಿಸುವ ಒಬ್ಬ ಸಾಧು ಎಂದು ನಂಬಿದ ಜನ ಅವನನ್ನು ಹಿಡಿದು ಸುಡಲು ಹೊರಡುತ್ತಾರೆ. ಅಲ್ಲಿದ್ದ ಅಧಿಕಾರಿ ಆ ಸಾಧುವನ್ನು ಕಾವಲಿನಲ್ಲಿಡಿಸುತ್ತಾನೆ. ಅವನು ಕಾವಲಿನಲ್ಲಿರುವಾಗಲೇ ಹತ್ತಿರದ ಹಳ್ಳಿಯಲ್ಲಿ ಇನ್ನೊಂದು ಸಾವಾಗುತ್ತದೆ. ಸಾಧು ಬದುಕಿಕೊಳ್ಳುತ್ತಾನೆ. ಈಗ ನಮ್ಮ ಮೂರು ಪ್ರಶ್ನೆಗಳನ್ನು ಕೇಳಿ ನೋಡಿ. ಹೆದರಿದ್ದು ಊರು, ಹೆದರಿದ್ದು ಚಿರತೆಗೆ, ಆದರೆ ಬಲಿಯಾಗಲಿದ್ದದ್ದು ಯಾರೂ ಜೊತೆಗಿಲ್ಲದ ಒಬ್ಬ ಪರದೇಶಿ. ಹೆದರಿದ ಗುಂಪು ತನಗೆ ಕಂಡದ್ದರ ಮೇಲಲ್ಲ, ಕೈಗೆ ಸಿಕ್ಕವರ ಮೇಲೆ ಬೀಳುತ್ತದೆ. ಈ ಒಂದು ಪಾಠಕ್ಕಾಗಿಯೇ ಆ ಪುಸ್ತಕವನ್ನು ಕೊಂಡು ಇಟ್ಟುಕೊಳ್ಳಬಹುದು.

ಮುಂದಿನ ಮೆಟ್ಟಿಲು ಊರೊಳಗಿನ ಕತ್ತಲು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದ ಕಾದಂಬರಿ. ದುರ್ವಾಸಪುರವೆಂಬ ಅಗ್ರಹಾರದಲ್ಲಿ, ಅಂದರೆ ಬ್ರಾಹ್ಮಣರೇ ನೆಲೆಸಿದ ಬೀದಿಯಲ್ಲಿ, ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ. ಅವನ ಶವಸಂಸ್ಕಾರ ಮಾಡುವವರು ಯಾರು ಎಂಬುದೇ ಕಗ್ಗಂಟು. ಊರಲ್ಲಿ ಪ್ಲೇಗು ಹರಡುತ್ತಿದೆ. ಜನ ಇಲಿಗಳಿಗಿಂತ ಹೆಚ್ಚಾಗಿ ಮೈಲಿಗೆಗೆ ಹೆದರುತ್ತಿದ್ದಾರೆ. ಎಲ್ಲರೂ ದಾರಿ ಕೇಳುವುದು ಪ್ರಾಣೇಶಾಚಾರ್ಯರನ್ನು. ಆ ಆಚಾರ್ಯರೇ ದಾರಿ ತಪ್ಪಿದಾಗ ಅವರಿಗೆ ಹುಟ್ಟುವ ಭಯವನ್ನು ಗಮನಿಸಿ. ಮೇಳಿಗೆಯ ಜಾತ್ರೆಯ ಜನಜಂಗುಳಿಯಲ್ಲಿ ಅವರು ಹೆದರುವುದು ದೆವ್ವಕ್ಕಲ್ಲ, ‘ಯಾರಾದರೂ ನನ್ನನ್ನು ಗುರುತು ಹಿಡಿದರೆ?’ ಎಂಬುದಕ್ಕೆ. ಅಲ್ಲಿ ಅವರ ಪಕ್ಕದಲ್ಲಿರುವುದು ಪುಟ್ಟ ಎಂಬ ಬಾಯಿಬಡುಕ. ದಾರಿಯಲ್ಲಿ ಗಂಟುಬಿದ್ದವನು, ಎಷ್ಟು ತಪ್ಪಿಸಿಕೊಂಡರೂ ಬಿಡದವನು. ಮೊದಲ ಓದಿಗೆ ಪುಟ್ಟ ಕಿರಿಕಿರಿ ಎನ್ನಿಸುತ್ತಾನೆ. ಎರಡನೆಯ ಓದಿಗೆ ಅವನಿಲ್ಲದ ಆ ದಾರಿಯನ್ನು ಊಹಿಸುವುದೇ ಕಷ್ಟವಾಗುತ್ತದೆ. ಕೊನೆಯನ್ನು ನಾನು ಹೇಳುವುದಿಲ್ಲ, ನೀವೇ ಓದಿ.

ಮೂರನೆಯದು ಮನಸ್ಸಿನೊಳಗಿನ ಕತ್ತಲು. ಇಲ್ಲಿಗೆ ನಿಧಾನವಾಗಿ ಬನ್ನಿ. ತ್ರಿವೇಣಿಯವರ (1928–1963) ‘ಶರಪಂಜರ’ದ ಕಾವೇರಿಗೆ ಹೆರಿಗೆಯ ಬಳಿಕ ಮನಸ್ಸು ಕೆಡುತ್ತದೆ. ನಮ್ಮ ಹಳ್ಳಿಗಳಲ್ಲಿ ಅದನ್ನು ‘ಬಾಣಂತಿ ಸನ್ನಿ’ ಎನ್ನುತ್ತಾರೆ. ಅದು ಚಿಕಿತ್ಸೆಯಿರುವ ಕಾಯಿಲೆ. ಕಾವೇರಿ ಚಿಕಿತ್ಸೆ ಪಡೆದು, ವಾಸಿಯಾಗಿ ಮನೆಗೆ ಮರಳುತ್ತಾಳೆ. ಆದರೆ ಮನೆಯವರ ಕಣ್ಣಲ್ಲಿ ಅವಳು ಇನ್ನೂ ಹುಚ್ಚಿಯೇ. ಅವಳು ನಕ್ಕರೂ ಸಂಶಯ, ಅತ್ತರೂ ಸಂಶಯ. ಈ ಕತೆಯಲ್ಲಿ ಹೆದರಿದವರು ಯಾರು? ರೋಗಿಗಿಂತ ಹೆಚ್ಚಾಗಿ ಸುತ್ತಲಿನವರು. ಪಕ್ಕದಲ್ಲಿ ಯಾರಿದ್ದಾರೆ? ಮನೆ ತುಂಬ ಜನರಿದ್ದೂ ಯಾರೂ ಇಲ್ಲ. ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ ಸಿನಿಮಾದಿಂದ ಈ ಕತೆ ಮನೆಮಾತಾಯಿತು. ನೀವು ಅದನ್ನು ನೋಡಿದ್ದರೂ ಕಾದಂಬರಿಯನ್ನು ಬಿಡಬೇಡಿ.

ಇದು ಬರೀ ಕತೆಯಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಚಪ್ಪರಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ದರ್ಗಾದಿಂದ ವಾಸಿಯಾದೀತೆಂಬ ನಂಬಿಕೆಯಿಂದ ಅವರನ್ನು ಆ ಊರಿಗೆ ಕರೆತಂದಿದ್ದರು, ಕರೆತಂದವರು ಪಕ್ಕದಲ್ಲಿ ಉಳಿಯಲಿಲ್ಲ. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆಯು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನೇ ನಿಷೇಧಿಸಿದೆ. ಪ್ರಾರ್ಥನೆ ಬೇಡವೆಂದು ನಾನು ಯಾರಿಗೂ ಹೇಳುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದುವಾ ಮತ್ತು ದವಾ, ಅಂದರೆ ಪ್ರಾರ್ಥನೆ ಮತ್ತು ಔಷಧ, ಎರಡನ್ನೂ ಜೊತೆಗಿಟ್ಟು ಮನೋವೈದ್ಯರು ಕೆಲಸ ಮಾಡಿದ್ದಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಕಷ್ಟವಿದ್ದರೆ ಪುಸ್ತಕಕ್ಕೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮನಸ್ ಸೇವೆಯವರು ಉಚಿತವಾಗಿ ಮಾತನಾಡುತ್ತಾರೆ.

ಕೊನೆಯ ಮೆಟ್ಟಿಲಿನಲ್ಲಿ ಕತೆಗಳಿಲ್ಲ, ವಿಚಾರವಿದೆ. ಅದಕ್ಕೆ ನಮ್ಮ ಜಿಲ್ಲೆಯವರೇ ಇದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಭೌತಶಾಸ್ತ್ರದ ಮೇಷ್ಟ್ರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಅವರ ‘ತೆರೆದ ಮನ’ ಲೇಖನಗಳ ಸಂಗ್ರಹ, ‘ಹೋರಾಟದ ಹಾದಿ’ ಆತ್ಮಕಥೆ. ಇವುಗಳ ವಾಕ್ಯಗಳು ಚಿಕ್ಕವು, ಮಾತು ನೇರ. ಮನೋವೈದ್ಯರು ಬರೆದದ್ದು ಬೇಕೆಂದರೆ ನಿಮ್ಹಾನ್ಸ್‌ನಲ್ಲಿದ್ದ ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳಿವೆ. ಜನಸಾಮಾನ್ಯರಿಗಾಗಿ ಕನ್ನಡದಲ್ಲಿ ಅಷ್ಟು ತಾಳ್ಮೆಯಿಂದ ಬರೆದವರು ವಿರಳ.

ಇನ್ನು ಓದುವ ಕ್ರಮ. ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ಅಲ್ಲಿ ವಿಚಾರಿಸಿ. ಇಲ್ಲದಿದ್ದರೆ ಚಿಂತಾಮಣಿಯ ಗ್ರಂಥಾಲಯದಲ್ಲಿ ಕೇಳಿ. ದಿನಕ್ಕೆ ಹತ್ತು ಪುಟ ಸಾಕು. ಸಾಧ್ಯವಾದರೆ ಗಟ್ಟಿಯಾಗಿ, ಇನ್ನೊಬ್ಬರಿಗೆ ಕೇಳುವಂತೆ ಓದಿ. ನಮ್ಮ ಸೀಮೆಯಲ್ಲಿ ಹಲವರಿಗೆ ಮನೆಮಾತು ತೆಲುಗು, ಹಲವರಿಗೆ ಉರ್ದು. ಓದಿದ್ದನ್ನು ರಾತ್ರಿ ಊಟದ ಹೊತ್ತಿಗೆ ಅಜ್ಜಿಗೆ ಆ ಮಾತಿನಲ್ಲೇ ಹೇಳಿ. ಆಗ ಮೂರನೆಯ ಪ್ರಶ್ನೆಗೆ ನಿಮ್ಮ ಮನೆಯಲ್ಲೇ ಉತ್ತರ ಸಿಗುತ್ತದೆ: ಅಜ್ಜಿಗೆ ನೀವು, ನಿಮಗೆ ಅಜ್ಜಿ.

ಓದುತ್ತ ಎಲ್ಲಾದರೂ ಎದೆ ಭಾರವಾದರೆ ಪುಟಕ್ಕೊಂದು ಗುರುತಿಟ್ಟು ಪುಸ್ತಕ ಮುಚ್ಚಿ. ಅದರಲ್ಲಿ ಸೋಲೇನೂ ಇಲ್ಲ. ಆ ಹೊತ್ತಿಗೆ ನೀವೂ ಹಳೆಯವರಂತೆ ‘ನಾಳೆ ಬಾ’ ಎಂದಿರಿ ಎಂದುಕೊಳ್ಳಿ. ವ್ಯತ್ಯಾಸ ಇಷ್ಟೇ: ಈ ಸಲ ನಾಳೆ ಬರಬೇಕಾದವರು ನೀವು.